‘ಜೆಪರ್ಡೈಸ್’ ಪದವನ್ನು ಎಲ್ಲಿ ಬಳಸಬೇಕು, ಎಲ್ಲಿ ಬಿಡಬೇಕು: ಹಂತ ಹಂತದ ಮಾರ್ಗದರ್ಶಿ

ದಾವಣಗೆರೆಯಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುವವರು, ಕಂಪನಿ ಇಂಟರ್‌ವ್ಯೂಗೆ ತಯಾರಾಗುವವರು, ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳುವ ಟೀಚರ್‌ಗಳು ಎಲ್ಲರೂ ಕೇಳುವ ಒಂದು ಪದ ಇದೆ: ಜೆಪರ್ಡೈಸ್. ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯದಲ್ಲಿ ಎದುರಾಗುತ್ತದೆ. ಆಫೀಸಿನ ಎಚ್ಚರಿಕೆ ಪತ್ರದಲ್ಲಿ ಎದುರಾಗುತ್ತದೆ. ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುವ ಪ್ರಶ್ನೆಗೆ ಇದರಷ್ಟು ಹೇಳಿಮಾಡಿಸಿದ ಪದ ಇನ್ನೊಂದಿಲ್ಲ. ಡಿಕ್ಷನರಿ ತೆಗೆದರೆ ‘ಅಪಾಯಕ್ಕೆ ಒಡ್ಡು’ ಅಂತ ಒಂದೇ ಸಾಲು ಇರುತ್ತದೆ. ಎನ್‌ಡೇಂಜರ್ ಪದಕ್ಕೂ ಅದೇ ಸಾಲು, ಇಂಪೆರಿಲ್ ಪದಕ್ಕೂ ಅದೇ ಸಾಲು. ಹಾಗಾದರೆ ಯಾವುದನ್ನು ಎಲ್ಲಿ ಹಾಕಬೇಕು? ಪ್ರಶ್ನೆ ಬರುವುದೇ ಇಲ್ಲಿ.

ಉತ್ತರದ ಮುಕ್ಕಾಲು ಪಾಲು ಎರಡು ಮಾತಿನಲ್ಲಿದೆ. ಅಪಾಯ ಯಾವುದಕ್ಕೆ ಬಂತು ಅಂತ ನೋಡಿ ಪದ ಆರಿಸಬೇಕು. ಆರಿಸಿದ ಮೇಲೆ ಕನ್ನಡದ ‘ಗೆ’, ‘ಕ್ಕೆ’ಗಳನ್ನು ಇಂಗ್ಲಿಷಿಗೆ ಎಳೆದು ತರಬಾರದು. ಉಳಿದದ್ದೆಲ್ಲ ಇದರ ವಿವರ.

ಬೇಕಾಗುವುದು ಒಂದು ನೋಟ್‌ಬುಕ್, ಕೆಲವು ದಿನದ ಇಂಗ್ಲಿಷ್ ಪತ್ರಿಕೆ, ಮತ್ತೆ ಮೊಬೈಲಿನಲ್ಲಿ ಒಂದು ಲರ್ನರ್ಸ್ ಡಿಕ್ಷನರಿ. ಲರ್ನರ್ಸ್ ಡಿಕ್ಷನರಿ ಅಂದರೆ ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ನಿಘಂಟು. ಅದರಲ್ಲಿ ಅರ್ಥದ ಜೊತೆ ಉದಾಹರಣೆ ವಾಕ್ಯ ಇರುತ್ತದೆ, ಸ್ಪೀಕರ್ ಗುರುತು ಒತ್ತಿದರೆ ಉಚ್ಚಾರವೂ ಕೇಳುತ್ತದೆ. ಬರೀ ಇಂಗ್ಲಿಷ್–ಕನ್ನಡ ನಿಘಂಟು ಇಟ್ಟುಕೊಂಡರೆ ಈ ಪದದ ವಿಷಯದಲ್ಲಿ ಸಾಕಾಗುವುದಿಲ್ಲ. ಕೆಳಗೆ ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ, ಓದುವಾಗಲೇ ಉಚ್ಚಾರವೂ ನಾಲಿಗೆಗೆ ಕೂರಲಿ ಅಂತ. ನೋಟ್‌ಬುಕ್ಕಿನಲ್ಲಿ ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಬರೆದುಕೊಳ್ಳಿ.

ಹಂತ 1: ಮೊದಲು ಬಾಯಿಗೆ ತಂದುಕೊಳ್ಳಿ

ಕಾಗುಣಿತ ನೋಡಿ ಜಾಸ್ತಿ ಜನ ‘ಜಿಯೋಪಾರ್ಡೈಸ್’ ಅನ್ನುತ್ತಾರೆ. ಜಿಯಾಗ್ರಫಿ ಓದಿದ ಬಾಯಿ, ಜಿಯೋ ಸಿಮ್ ಹಾಕಿದ ಮೊಬೈಲು, ಹಾಗಾಗಿ ಅದು ಸಹಜ. ಆದರೆ ಇಲ್ಲಿ ‘ಇ’ ಮತ್ತು ‘ಒ’ ಎರಡು ಅಕ್ಷರ ಸೇರಿ ಬರೀ ‘ಎ’ ಅಂತ ಹೇಳುತ್ತವೆ. ‘ಜೆ–ಪರ್–ಡೈಸ್’, ಮೂರೇ ತುಂಡು. ಒತ್ತು ಮೊದಲನೆಯ ‘ಜೆ’ ಮೇಲೆ. ಕೊನೆಯ ‘ಸ್’ ಹೇಳುವಾಗ ಗಂಟಲಿನಲ್ಲಿ ಸ್ವಲ್ಪ ನಡುಕ ಇರಬೇಕು, ಸರ್‌ಪ್ರೈಸ್ ಪದದ ಕೊನೆಯಲ್ಲಿ ಇರುವ ಹಾಗೆ.

ಇದೇ ಜೋಡಿ ಅಕ್ಷರ ಇನ್ನೂ ಕೆಲವು ಪದಗಳಲ್ಲಿ ಇದೆ. ಚಿತ್ರದುರ್ಗದ ಜೋಗಿಮಟ್ಟಿ ಕಾಡಿನ ಚಿರತೆಯನ್ನು ಇಂಗ್ಲಿಷಿನಲ್ಲಿ ‘ಲೆಪರ್ಡ್’ ಅನ್ನಬೇಕು, ‘ಲಿಯೋಪಾರ್ಡ್’ ಅಲ್ಲ. ‘ಲೆನರ್ಡ್’, ‘ಜೆಫ್ರಿ’ ಅನ್ನುವ ಹೆಸರುಗಳೂ ಹೀಗೆಯೇ. ಲೆಪರ್ಡ್, ಜೆಪರ್ಡ್ ಅಂತ ಪ್ರಾಸ ಮಾಡಿ ನಾಲ್ಕು ಸಲ ಹೇಳಿಕೊಂಡರೆ ಮತ್ತೆ ತಪ್ಪುವುದಿಲ್ಲ.

ಬರೆಯುವಾಗ ಕೊನೆಯಲ್ಲಿ ‘ಎಸ್’ ಹಾಕಬೇಕೋ ‘ಝಡ್’ ಹಾಕಬೇಕೋ? ಎರಡೂ ಸರಿ. ಅಮೆರಿಕದಲ್ಲಿ ‘ಝಡ್’, ನಮ್ಮ ಇಂಗ್ಲಿಷ್ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ‘ಎಸ್’. ಒಂದೇ ಉತ್ತರಪತ್ರಿಕೆಯಲ್ಲಿ ಒಮ್ಮೆ ಅದು, ಒಮ್ಮೆ ಇದು ಮಾಡಬೇಡಿ ಅಷ್ಟೇ. ‘ಜೆಪರ್ಡೈಸಿಂಗ್’ ಬರೆಯುವಾಗ ಕೊನೆಯ ‘ಇ’ ಬಿದ್ದುಹೋಗುತ್ತದೆ. ನಾಮಪದ ‘ಜೆಪರ್ಡಿ’.

ಹಂತ 2: ಅರ್ಥದೊಳಗಿನ ಮೂರು ಭಾಗ ಗುರುತಿಸಿ

‘ಅಪಾಯಕ್ಕೆ ಒಡ್ಡು’ ಅನ್ನುವುದು ತಪ್ಪಲ್ಲ, ಆದರೆ ಸಡಿಲ. ಈ ಪದ ಸರಿಯಾಗಿ ಕೂರಬೇಕಾದರೆ ವಾಕ್ಯದಲ್ಲಿ ಮೂರು ಸಂಗತಿ ಇರಬೇಕು. ಒಂದು, ಯಾರಿಗೋ ಬೇಕಾದ, ಬೆಲೆಯುಳ್ಳ ಒಂದು ವಿಷಯ: ಕೆಲಸ, ಅವಕಾಶ, ಮಾತುಕತೆ, ಯೋಜನೆ, ಹೆಸರು, ಭವಿಷ್ಯ. ಎರಡು, ಅದನ್ನು ಅಲುಗಾಡಿಸುವ ಒಂದು ನಡವಳಿಕೆ ಅಥವಾ ಘಟನೆ. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಆ ವಿಷಯ ಇನ್ನೂ ಕೈಬಿಟ್ಟು ಹೋಗಿರಬಾರದು.

ಕನ್ನಡದಲ್ಲಿ ಇದಕ್ಕೆ ತೀರ ಹತ್ತಿರದ ಮಾತು ‘ಕುತ್ತು ತರು’. ‘ಸಂಚಕಾರ ತರು’ ಕೂಡ ಆಗುತ್ತದೆ. ‘ಒಂದು ಕಾಮೆಂಟು ಅವನ ಕೆಲಸಕ್ಕೆ ಕುತ್ತು ತಂತು’ ಅಂದಾಗ ಕೆಲಸ ಹೋಯಿತು ಅಂತ ಯಾರೂ ತಿಳಿಯುವುದಿಲ್ಲ, ಹೋಗಬಹುದು ಅಂತ ತಿಳಿಯುತ್ತಾರೆ. ಜೆಪರ್ಡೈಸ್ ಹೇಳುವುದೂ ಅಷ್ಟನ್ನೇ. ನೋಟ್‌ಬುಕ್ಕಿನಲ್ಲಿ ‘ಅಪಾಯಕ್ಕೆ ಒಡ್ಡು’ ಅಂತ ಬರೆದಿದ್ದರೆ ಹೊಡೆದುಹಾಕಿ, ‘ಕುತ್ತು ತರು’ ಅಂತ ಬರೆದುಕೊಳ್ಳಿ.

ಎಡವುವ ಜಾಗ ಇಲ್ಲಿದೆ. ಆಲಿಕಲ್ಲು ಮಳೆ ಬಿದ್ದು ಬೆಳೆ ಪೂರ್ತಿ ನೆಲಕಚ್ಚಿತು ಅನ್ನಿ. ಆಗ ‘ದ ರೈನ್ ಜೆಪರ್ಡೈಸ್ಡ್ ದ ಕ್ರಾಪ್’ ಅಂದರೆ ಅರ್ಥ ಕೆಡುತ್ತದೆ. ಅಲ್ಲಿ ‘ಡಿಸ್ಟ್ರಾಯ್ಡ್’ ಬೇಕು. ಪರೀಕ್ಷೆ ಮಾಡುವುದು ಸುಲಭ. ನಿಮ್ಮ ವಾಕ್ಯದ ಕೊನೆಗೆ ‘ಆದರೂ ಹೇಗೋ ಉಳಿಯಿತು’ ಅಂತ ಸೇರಿಸಿ ನೋಡಿ. ಸೇರಿಸಿದಾಗ ವಾಕ್ಯ ಸಹಜವಾಗಿದ್ದರೆ ಜೆಪರ್ಡೈಸ್ ಹಾಕಬಹುದು. ಅಸಂಬದ್ಧ ಅನಿಸಿದರೆ ಬೇರೆ ಪದ ಹುಡುಕಿ.

ಹಂತ 3: ಪದ ಎಲ್ಲಿಂದ ಬಂತು ಅಂತ ಒಮ್ಮೆ ನೋಡಿ

ಈ ಹಂತ ಬಿಟ್ಟು ಮುಂದಕ್ಕೆ ಹೋದರೂ ನಡೆಯುತ್ತದೆ. ಆದರೆ ‘ಇನ್ನೂ ಹೋಗಿಲ್ಲ’ ಅನ್ನುವ ಅರ್ಥ ಎಲ್ಲಿಂದ ಬಂತು ಅಂತ ಗೊತ್ತಾದರೆ ಪದ ಮರೆಯುವುದಿಲ್ಲ.

ಹಳೆಯ ಫ್ರೆಂಚಿನಲ್ಲಿ ‘ಜು ಪಾರ್ತಿ’ ಅನ್ನುವ ಮಾತಿತ್ತು. ‘ಜು’ ಅಂದರೆ ಆಟ, ‘ಪಾರ್ತಿ’ ಅಂದರೆ ಪಾಲಾದದ್ದು. ಎರಡೂ ಕಡೆಗೆ ಸಮ ಸಮ ಪಾಲಾದ ಆಟ, ಯಾರು ಗೆಲ್ಲುತ್ತಾರೆ ಅಂತ ಹೇಳಲಾಗದ ಆಟ. ಚದುರಂಗದಲ್ಲಿ ಬಿಡಿಸಲಿಕ್ಕೆ ಕೊಡುವ ಕಠಿಣ ಸಮಸ್ಯೆಗೂ ಇದೇ ಹೆಸರು. ಅಂದರೆ ಹುಟ್ಟಿನಲ್ಲಿ ಇದು ಅಪಾಯದ ಪದವೇ ಅಲ್ಲ, ಅನಿಶ್ಚಯದ ಪದ. ಇಂಗ್ಲಿಷಿಗೆ ಬಂದ ಮೇಲೆ ‘ಗೆಲುವೋ ಸೋಲೋ ಗೊತ್ತಿಲ್ಲ’ ಅನ್ನುವುದು ನಿಧಾನವಾಗಿ ‘ಸೋಲಬಹುದು’ ಅನ್ನುವ ಕಡೆಗೆ ವಾಲಿತು.

14ನೇ ಶತಮಾನದ ಕವಿ ಜೆಫ್ರಿ ಚಾಸರ್ ಇದನ್ನು ಚದುರಂಗದ ಅರ್ಥದಲ್ಲೇ ಬಳಸಿದ್ದಾನೆ. ಅವನ ಒಂದು ಕವಿತೆಯಲ್ಲಿ ಒಬ್ಬ ಸರದಾರ ವಿಧಿಯ ಜೊತೆ ಚದುರಂಗ ಆಡಿ ರಾಣಿಯನ್ನು ಕಳೆದುಕೊಳ್ಳುತ್ತಾನೆ, ಆ ಆಟದ ಜೆಪರ್ಡಿಗಳು ಮೊದಲೇ ಗೊತ್ತಿದ್ದಿದ್ದರೆ ಅಂತ ಹಲುಬುತ್ತಾನೆ. ಕವಿಯ ಹೆಸರಿನಲ್ಲೂ ಆ ‘ಇ–ಒ’ ಜೋಡಿ ಇದೆ ನೋಡಿ.

ಕ್ರಿಯಾಪದ ಮೊದಲು ಬರೀ ‘ಜೆಪರ್ಡ್’ ಆಗಿತ್ತು. 1611ರ ಇಂಗ್ಲಿಷ್ ಬೈಬಲಿನಲ್ಲಿ, ನ್ಯಾಯಸ್ಥಾಪಕರ ಪುಸ್ತಕದಲ್ಲಿ, ಯುದ್ಧದಲ್ಲಿ ಪ್ರಾಣವನ್ನೇ ಪಣಕ್ಕಿಟ್ಟ ಜನರ ಬಗ್ಗೆ ಹೇಳುವಾಗ ‘ಜೆಪರ್ಡೆಡ್ ದೇರ್ ಲೈವ್ಸ್’ ಅಂತ ಇದೆ. 17ನೇ ಶತಮಾನದಲ್ಲಿ ಅದಕ್ಕೆ ‘ಐಸ್’ ಬಾಲ ಸೇರಿ ಇವತ್ತಿನ ರೂಪ ಬಂತು. ಈ ಬಾಲ ಕಂಡರೆ ನೋವಾ ವೆಬ್‌ಸ್ಟರ್‌ಗೆ ಆಗುತ್ತಿರಲಿಲ್ಲ. 1828ರ ತನ್ನ ಅಮೆರಿಕನ್ ನಿಘಂಟಿನಲ್ಲಿ ಅವನು ಈ ಪದಕ್ಕೆ ಅರ್ಥ ಕೊಟ್ಟು, ಇದು ಜೆಪರ್ಡ್ ಪದಕ್ಕೆ ಸಮಾನ, ಆದ್ದರಿಂದ ಇದರಿಂದ ಪ್ರಯೋಜನವಿಲ್ಲ ಅಂತ ಬರೆದುಬಿಟ್ಟ. ಜನ ಅವನ ಮಾತು ಕೇಳಲಿಲ್ಲ. ಇವತ್ತು ಜೆಪರ್ಡ್ ಸತ್ತಿದೆ, ಜೆಪರ್ಡೈಸ್ ಬದುಕಿದೆ. ನಿಘಂಟು ಬರೆದವರೇ ಪದಗಳ ಯಜಮಾನರು ಅಂದುಕೊಂಡವರು ಇದನ್ನು ಗಮನಿಸಬೇಕು.

ಅಂದಹಾಗೆ, ಮೊಬೈಲಿನಲ್ಲಿ ‘ಜೆಪರ್ಡಿ’ ಅಂತ ಹುಡುಕಿದರೆ ಅರ್ಥಕ್ಕಿಂತ ಮೊದಲು ಅಮೆರಿಕದ ಟಿವಿ ಕ್ವಿಜ್ ಒಂದರ ವಿಷಯ ಬರುತ್ತದೆ. 1964ರಲ್ಲಿ ಶುರುವಾದ ಕಾರ್ಯಕ್ರಮ ಅದು. ಅಲ್ಲಿ ಉತ್ತರ ಕೊಡುತ್ತಾರೆ, ಪ್ರಶ್ನೆಯನ್ನು ಸ್ಪರ್ಧಿ ಹೇಳಬೇಕು. ಗೊಂದಲ ಬೇಡ, ಹುಡುಕುವಾಗ ಪಕ್ಕದಲ್ಲಿ ‘ಮೀನಿಂಗ್’ ಅಂತ ಸೇರಿಸಿ.

ಹಂತ 4: ಅಪಾಯ ಯಾವುದಕ್ಕೆ ಅಂತ ನೋಡಿ ಪದ ಆರಿಸಿ

ಇದೇ ಮುಖ್ಯ ಹಂತ. ನಿಧಾನವಾಗಿ ಓದಿ.

ಜೀವಕ್ಕೆ, ಮೈಕೈಗೆ, ಜನರ ಸುರಕ್ಷತೆಗೆ ಅಪಾಯ ಅಂದರೆ ಮೊದಲ ಆಯ್ಕೆ ‘ಎನ್‌ಡೇಂಜರ್’. ಕಾನೂನಿನ ಭಾಷೆಯೂ ಇದನ್ನೇ ಹಿಡಿದಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ ಇರುವುದೇ ಇತರರ ಜೀವಕ್ಕೆ ಅಥವಾ ಸುರಕ್ಷತೆಗೆ ಅಪಾಯ ತರುವ ದುಡುಕಿನ, ನಿರ್ಲಕ್ಷ್ಯದ ಕೆಲಸದ ಮೇಲೆ. ಇಂಗ್ಲಿಷ್ ಪಾಠದಲ್ಲಿ ‘ಎನ್‌ಡೇಂಜರ್ ಹ್ಯೂಮನ್ ಲೈಫ್’ ಅಂತಲೇ ಇದೆ. ಅಡ್ಡಾದಿಡ್ಡಿ ವಾಹನ ಓಡಿಸುವುದರ ಮೇಲಿನ 281ನೇ ಕಲಂನಲ್ಲೂ ಇದೇ ಪದ. ಚಿತ್ರದುರ್ಗ, ದಾವಣಗೆರೆ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರ ಅಪಘಾತದ ಸುದ್ದಿಯನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಓದುವಾಗ ಕಣ್ಣಿಟ್ಟು ನೋಡಿ. ಪ್ರಯಾಣಿಕರ ಜೀವದ ಮಾತು ಬಂದಲ್ಲಿ ಹೆಚ್ಚಾಗಿ ಎನ್‌ಡೇಂಜರ್ ಇರುತ್ತದೆ.

ಡೇಂಜರ್ ಪದದ ಹಿಂದಿನ ಕಥೆ ನಮ್ಮ ಸೀಮೆಯವರಿಗೆ ಬೇಗ ಅರ್ಥವಾಗುತ್ತದೆ. ಹಳೆಯ ಫ್ರೆಂಚಿನಲ್ಲಿ ಅದರ ಅರ್ಥ ಒಡೆಯನ ಅಧಿಕಾರ. ಲ್ಯಾಟಿನ್ನಿನ ‘ದೊಮಿನುಸ್’, ಅಂದರೆ ಒಡೆಯ, ಅದರ ಮೂಲ. ಒಬ್ಬ ಪಾಳೇಗಾರನ ಕೈಕೆಳಗೆ ಸಿಕ್ಕಿದ್ದೀರಿ, ಅವನು ಮನಸ್ಸು ಮಾಡಿದರೆ ದಂಡ ಹಾಕಬಹುದು, ತಲೆಯನ್ನೂ ತೆಗೆಸಬಹುದು. ಹಾಗೆ ಒಬ್ಬರ ಹಿಡಿತಕ್ಕೆ ಸಿಗುವುದೇ ಡೇಂಜರಿನಲ್ಲಿ ಇರುವುದು. ಮುಂದೆ ಒಡೆಯ ಮರೆಯಾದ, ಅಪಾಯ ಉಳಿಯಿತು. ಅಂದರೆ ಎನ್‌ಡೇಂಜರ್ ಹುಟ್ಟಿದ್ದು ಒಬ್ಬ ಮನುಷ್ಯ ಇನ್ನೊಬ್ಬನ ಕೈಗೆ ಸಿಕ್ಕಿಬಿದ್ದ ಸ್ಥಿತಿಯಿಂದ, ಜೆಪರ್ಡೈಸ್ ಹುಟ್ಟಿದ್ದು ಸಮ ಸಮ ಪಾಲಾದ, ಗೆಲುವು ಯಾರದ್ದೆಂದು ಗೊತ್ತಿಲ್ಲದ ಆಟದಿಂದ. ಜೀವಕ್ಕೆ ಅದು, ಯೋಜನೆಗೆ ಇದು ಅಂತ ನೆನಪಿಡಲು ಇಷ್ಟು ಸಾಕು.

ಕೆಲಸ, ಬಡ್ತಿ, ಫಲಿತಾಂಶ, ಒಪ್ಪಂದ, ಮದುವೆ ಮಾತುಕತೆ, ಸಾಲ ಮಂಜೂರಾತಿ, ಹೆಸರು ಇವುಗಳಿಗೆ ಕುತ್ತು ಬಂದರೆ ಜೆಪರ್ಡೈಸ್. ‘ಕಾಪಿಯಿಂಗ್ ಇನ್ ದಿ ಎಕ್ಸಾಮ್ ಕುಡ್ ಜೆಪರ್ಡೈಸ್ ಯುವರ್ ಕರಿಯರ್’ ಸರಿ. ‘ದ ಸ್ಟ್ರೈಕ್ ಮೇ ಜೆಪರ್ಡೈಸ್ ದ ಟಾಕ್ಸ್’ ಸರಿ. ಜೀವದ ಜೊತೆ ಇದನ್ನು ಬಳಸಿದರೆ ತಪ್ಪು ಅಂತಲ್ಲ, ‘ಜೆಪರ್ಡೈಸ್ಡ್ ದ ಲೈವ್ಸ್ ಆಫ್ ಪ್ಯಾಸೆಂಜರ್ಸ್’ ಅಂತ ಬರೆಯುವವರಿದ್ದಾರೆ. ಆದರೆ ವ್ಯಕ್ತಿಯನ್ನೇ ನೇರವಾಗಿ ಹಾಕಬೇಡಿ. ‘ಹಿ ಜೆಪರ್ಡೈಸ್ಡ್ ಮಿ’ ಅಂದರೆ ಕೇಳುವವರು, ನಿನ್ನ ಏನನ್ನು, ಅಂತ ಮುಂದಿನ ಮಾತಿಗೆ ಕಾಯುತ್ತಾರೆ. ‘ಮೈ ಜಾಬ್’, ‘ಮೈ ಸೇಫ್ಟಿ’, ಏನಾದರೂ ಒಂದು ಹೇಳಲೇಬೇಕು.

‘ಇಂಪೆರಿಲ್’ ಪದವನ್ನು ಓದಿ ಅರ್ಥ ಮಾಡಿಕೊಂಡರೆ ಸಾಕು. ಪತ್ರಿಕೆಯ ತಲೆಬರಹಕ್ಕೆ, ಭಾಷಣಕ್ಕೆ ಅದು ಸೊಗಸು. ದಿನದ ಮಾತಿನಲ್ಲಿ ಹೇಳಿದರೆ ಸ್ವಲ್ಪ ನಾಟಕದ ಸಂಭಾಷಣೆಯಂತೆ ಕೇಳುತ್ತದೆ. ಅದರೊಳಗಿನ ‘ಪೆರಿಲ್’ ಬಂದಿರುವುದು ಪರೀಕ್ಷೆ, ಪ್ರಯತ್ನ ಅನ್ನುವ ಅರ್ಥದ ಲ್ಯಾಟಿನ್ ಪದದಿಂದ. ಎಕ್ಸ್‌ಪೀರಿಯನ್ಸ್, ಎಕ್ಸ್‌ಪರ್ಟ್ ಪದಗಳು ಅದೇ ಮನೆತನದವು.

‘ರಿಸ್ಕ್’ ಬೇರೆ ಜಾತಿ. ಗೊತ್ತಿದ್ದೂ, ಬೇಕಂತಲೇ, ಸಾಮಾನ್ಯವಾಗಿ ತನ್ನದನ್ನೇ ಪಣಕ್ಕಿಟ್ಟರೆ ರಿಸ್ಕ್. ಬಾವಿಗೆ ಬಿದ್ದ ಹುಡುಗನನ್ನು ಎತ್ತಲು ಹಾರಿದವನು ‘ರಿಸ್ಕ್ಡ್ ಹಿಸ್ ಲೈಫ್’. ಇಲ್ಲಿ ಜೆಪರ್ಡೈಸ್ ಹಾಕಿದರೆ ಅವನದು ಬೇಜವಾಬ್ದಾರಿ ಅಂದ ಹಾಗಾಗುತ್ತದೆ, ಹೊಗಳಲು ಹೋಗಿ ಬೈದಂತೆ. ರಿಸ್ಕ್ ಮುಂದೆ ‘ಇಂಗ್’ ರೂಪವೂ ಬರುತ್ತದೆ: ‘ರಿಸ್ಕ್ ಲೂಸಿಂಗ್ ದ ಸೀಟ್’. ‘ಜೆಪರ್ಡೈಸ್ ಲೂಸಿಂಗ್’ ಅನ್ನುವುದು ಇಲ್ಲವೇ ಇಲ್ಲ. ಪರೀಕ್ಷೆಯಲ್ಲಿ ಈ ಒಂದು ಗುರುತಿನಿಂದಲೇ ಉತ್ತರ ಸಿಕ್ಕಿಬಿಡಬಹುದು.

‘ಥ್ರೆಟನ್’ ಪದದಲ್ಲಿ ಅಪಾಯ ಮೇಲೆ ತೂಗುತ್ತಿರುತ್ತದೆ, ಬೆದರಿಕೆಯ ಧ್ವನಿಯೂ ಇರುತ್ತದೆ. ‘ಕಾಂಪ್ರೊಮೈಸ್’ ಅಂದರೆ ಒಳಗಿನಿಂದ ಸಡಿಲ ಮಾಡುವುದು, ಪಾಸ್‌ವರ್ಡ್, ಗುಣಮಟ್ಟ, ಗುಟ್ಟಿನ ವಿಷಯಕ್ಕೆ. ಇವೆರಡಕ್ಕೆ ಇಷ್ಟೇ ಸಾಕು.

ಪ್ರಾಣಿ–ಪಕ್ಷಿಗಳ ವಿಷಯಕ್ಕೆ ಬಂದರೆ ಮಾತ್ರ ಆಯ್ಕೆ ನಿಮ್ಮ ಕೈಯಲ್ಲಿಲ್ಲ. ಅಳಿವಿನ ಅಂಚಿನ ಜೀವಿಗೆ ‘ಎನ್‌ಡೇಂಜರ್ಡ್ ಸ್ಪೀಶೀಸ್’ ಅಂತಲೇ ಹೇಳಬೇಕು, ‘ಜೆಪರ್ಡೈಸ್ಡ್ ಸ್ಪೀಶೀಸ್’ ಅನ್ನುವವರಿಲ್ಲ. ಅದು ಐಯುಸಿಎನ್ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಒಂದು ದರ್ಜೆಯ ಹೆಸರೂ ಹೌದು. ಅದಕ್ಕಿಂತ ಕಡಿಮೆ ಅಪಾಯದ್ದು ‘ವಲ್ನರಬಲ್’, ಹೆಚ್ಚಿನದು ‘ಕ್ರಿಟಿಕಲಿ ಎನ್‌ಡೇಂಜರ್ಡ್’. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಅಭಯಾರಣ್ಯದಲ್ಲಿರುವ ಕೊಂಡುಕುರಿ ವಲ್ನರಬಲ್ ದರ್ಜೆಯದು. ಹಿಂದೆ ರಾಣೆಬೆನ್ನೂರಿನ ಕಡೆಯ ಬಯಲಿನಲ್ಲಿ ಕಾಣುತ್ತಿದ್ದ ಎರೆಭೂತ ಹಕ್ಕಿ 2011ರಿಂದ ಕ್ರಿಟಿಕಲಿ ಎನ್‌ಡೇಂಜರ್ಡ್. ಪ್ರಬಂಧ ಬರೆಯುವ ಮಕ್ಕಳು ಎಲ್ಲ ಪ್ರಾಣಿಗೂ ಎನ್‌ಡೇಂಜರ್ಡ್ ಅಂತ ಬರೆದುಬಿಡುತ್ತಾರೆ. ದರ್ಜೆ ನೋಡಿ ಬರೆಯಿರಿ.

ಎರಡೂ ಪದ ಒಟ್ಟಿಗೆ, ತಮ್ಮ ತಮ್ಮ ಜಾಗದಲ್ಲಿ ಕೂತಿರುವುದನ್ನು ನೋಡಬೇಕಾದರೆ ಅಮೆರಿಕದ 1973ರ ಕಾಯ್ದೆ ನೋಡಬೇಕು. ಅದರ ಹೆಸರಿನಲ್ಲೇ ‘ಎನ್‌ಡೇಂಜರ್ಡ್ ಸ್ಪೀಶೀಸ್’ ಇದೆ. ಅದರ 7ನೇ ಸೆಕ್ಷನ್, ಸರ್ಕಾರದ ಯಾವ ಕೆಲಸವೂ ಇಂಥ ಜೀವಿಗಳ ಉಳಿವಿಗೆ ಕುತ್ತು ತರಬಾರದು ಅನ್ನುತ್ತದೆ. ಅಲ್ಲಿರುವ ಮಾತು ‘ಜೆಪರ್ಡೈಸ್ ದ ಕಂಟಿನ್ಯೂಡ್ ಎಕ್ಸಿಸ್ಟೆನ್ಸ್’. ಜೀವಿ ಎನ್‌ಡೇಂಜರ್ಡ್, ಅದರ ಉಳಿವು ಜೆಪರ್ಡೈಸ್ ಆಗುವಂಥದ್ದು. ಈ ಒಂದು ಮಾತಿನ ಮೇಲೆ ಟೆನೆಸಿ ರಾಜ್ಯದ ಟೆಲಿಕೊ ಅಣೆಕಟ್ಟಿನ ಕೆಲಸ ನಿಂತಿತು. ಅಲ್ಲಿನ ಹೊಳೆಯಲ್ಲಿದ್ದ ಸ್ನೇಲ್ ಡಾರ್ಟರ್ ಅನ್ನುವ ಪುಟ್ಟ ಮೀನಿಗೆ ಕುತ್ತು ಬರುತ್ತದೆ ಅಂತ 1978ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತಡೆ ಎತ್ತಿಹಿಡಿಯಿತು. ಮರುವರ್ಷ ಸಂಸತ್ತು ವಿನಾಯಿತಿ ಕೊಟ್ಟು ಅಣೆಕಟ್ಟು ಮುಗಿಸಿತು. ಮೀನನ್ನು ಬೇರೆ ಹೊಳೆಗಳಿಗೂ ಬಿಟ್ಟಿದ್ದರು. ಅದು ಅಳಿಯಲಿಲ್ಲ, 2022ರಲ್ಲಿ ಅಪಾಯದ ಪಟ್ಟಿಯಿಂದಲೇ ಹೊರಬಂತು. ಕುತ್ತು ಬಂದದ್ದೆಲ್ಲ ಹೋಗಿಬಿಡುವುದಿಲ್ಲ ಅಂತ 2ನೇ ಹಂತದಲ್ಲಿ ಹೇಳಿದ್ದು ಇದನ್ನೇ.

ಹಂತ 5: ‘ಗೆ’, ‘ಕ್ಕೆ’ ಕಳಚಿ ವಾಕ್ಯ ಕಟ್ಟಿ

ಕನ್ನಡದಲ್ಲಿ ಕೆಲಸಕ್ಕೆ ಕುತ್ತು, ಜೀವಕ್ಕೆ ಅಪಾಯ, ಬದುಕಿಗೆ ಸಂಚಕಾರ. ಎಲ್ಲ ಕಡೆ ‘ಗೆ’ ಅಥವಾ ‘ಕ್ಕೆ’. ಆ ಅಭ್ಯಾಸದಲ್ಲಿ ‘ಇಟ್ ವಿಲ್ ಜೆಪರ್ಡೈಸ್ ಟು ಮೈ ಜಾಬ್’ ಅಂತ ಬಂದುಬಿಡುತ್ತದೆ. ‘ಟು’ ತೆಗೆಯಿರಿ. ‘ಫಾರ್’ ಕೂಡ ಬೇಡ. ಜೆಪರ್ಡೈಸ್ ಆದ ತಕ್ಷಣ ಆ ವಸ್ತು ನೇರವಾಗಿ ಬರಬೇಕು: ‘ಇಟ್ ವಿಲ್ ಜೆಪರ್ಡೈಸ್ ಮೈ ಜಾಬ್’. ಎನ್‌ಡೇಂಜರ್, ಇಂಪೆರಿಲ್, ರಿಸ್ಕ್ ಎಲ್ಲಕ್ಕೂ ಇದೇ ನಿಯಮ.

ಇನ್ನೊಂದು ಸಿಕ್ಕು ‘ತಂದುಕೊಂಡ’ ಅನ್ನುವ ಮಾತಿನದು. ‘ಅವನು ಕೆಲಸಕ್ಕೆ ತಾನೇ ಕುತ್ತು ತಂದುಕೊಂಡ’ ಅನ್ನುವುದನ್ನು ‘ಹಿ ಜೆಪರ್ಡೈಸ್ಡ್ ಹಿಮ್‌ಸೆಲ್ಫ್ ಹಿಸ್ ಜಾಬ್’ ಅಂತ ಬರೆಯುತ್ತಾರೆ. ಹಿಮ್‌ಸೆಲ್ಫ್ ಬೇಡ. ‘ಹಿ ಜೆಪರ್ಡೈಸ್ಡ್ ಹಿಸ್ ಓನ್ ಜಾಬ್’ ಅಂದರೆ ಮುಗಿಯಿತು.

ಮೂರನೆಯದು ಜಾಸ್ತಿ ಕೇಳಿಬರುವ ತಪ್ಪು. ‘ನನ್ನ ಕೆಲಸ ಅಪಾಯದಲ್ಲಿದೆ’ ಅನ್ನಲು ‘ಮೈ ಜಾಬ್ ಈಸ್ ಜೆಪರ್ಡೈಸಿಂಗ್’ ಅನ್ನುತ್ತಾರೆ. ಅದರ ಅರ್ಥ ನನ್ನ ಕೆಲಸವೇ ಬೇರೆ ಯಾವುದಕ್ಕೋ ಕುತ್ತು ತರುತ್ತಿದೆ ಅಂತ ಆಗುತ್ತದೆ. ಇಲ್ಲಿ ನಾಮಪದ ಹಿಡಿಯಿರಿ: ‘ಮೈ ಜಾಬ್ ಈಸ್ ಇನ್ ಜೆಪರ್ಡಿ’. ಯಾರು ತಂದರು ಅಂತ ಹೇಳಬೇಕಿದ್ದರೆ ‘ಪುಟ್ ಮೈ ಜಾಬ್ ಇನ್ ಜೆಪರ್ಡಿ’. ಮಾತಿನಲ್ಲಿ ಜೆಪರ್ಡೈಸ್‌ಗಿಂತ ಈ ಜೋಡಣೆಯೇ ಹಗುರ ಅಂತ ನನ್ನ ಅಭಿಪ್ರಾಯ.

ಕುತ್ತು ಇನ್ನೂ ಸಾಧ್ಯತೆ ಮಾತ್ರ ಆದ್ದರಿಂದ ‘ಕುಡ್’, ‘ಮೇ’, ‘ಮೈಟ್’ ಜೊತೆ ಈ ಪದ ಚೆನ್ನಾಗಿ ಹೊಂದುತ್ತದೆ. ‘ಎನಿ ಡಿಲೇ ಇನ್ ಕೆನಾಲ್ ವಾಟರ್ ಕುಡ್ ಜೆಪರ್ಡೈಸ್ ದ ಪ್ಯಾಡಿ ಕ್ರಾಪ್’. ಭದ್ರಾ ನಾಲೆಯ ಕೊನೆ ಭಾಗದ ರೈತರ ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆಯಬೇಕಾದರೆ ಈ ವಾಕ್ಯವನ್ನು ಹಾಗೇ ಎತ್ತಿಕೊಳ್ಳಬಹುದು. ಹೇಗೆ ಕುತ್ತು ತಂದ ಅಂತ ಹೇಳಲು ‘ಬೈ’ ಹಾಕಿ ‘ಇಂಗ್’ ರೂಪ ಸೇರಿಸಿ: ‘ಬೈ ಸೈನಿಂಗ್ ದಟ್ ಪೇಪರ್’. ಒತ್ತಿ ಹೇಳಲು ‘ಸೀರಿಯಸ್ಲಿ’. ‘ವೆರಿ ಜೆಪರ್ಡೈಸ್’ ಅನ್ನಬೇಡಿ, ‘ವೆರಿ’ ಕ್ರಿಯಾಪದಕ್ಕೆ ಅಂಟುವುದಿಲ್ಲ.

ಹಂತ 6: ‘ಡಬಲ್ ಜೆಪರ್ಡಿ’ ಸಿಕ್ಕರೆ ಬೇರೆಯಾಗಿ ಓದಿ

ಎರಡು ಕಷ್ಟ ಒಟ್ಟಿಗೆ ಬಂದರೆ ಅದನ್ನು ‘ಡಬಲ್ ಜೆಪರ್ಡಿ’ ಅನ್ನುವ ರೂಢಿ ಮಾತಿನಲ್ಲಿದೆ. ಹಗುರ ಮಾತಿಗೆ ನಡೆಯುತ್ತದೆ. ಆದರೆ ಕಾನೂನಿನಲ್ಲಿ ಇದೊಂದು ಪಾರಿಭಾಷಿಕ ಪದ, ಅಂದರೆ ಒಂದೇ ನಿಶ್ಚಿತ ಅರ್ಥ ಇರುವ ಪದ: ಒಂದೇ ಅಪರಾಧಕ್ಕೆ ಒಬ್ಬರನ್ನು ಎರಡು ಸಲ ಕಟಕಟೆಗೆ ಹತ್ತಿಸುವುದು. ಅಮೆರಿಕದ ಸಂವಿಧಾನದ 5ನೇ ತಿದ್ದುಪಡಿ 1791ರಲ್ಲೇ ಇದನ್ನು ಬೇಡ ಅಂದಿತು. ಅಲ್ಲಿ ಜೆಪರ್ಡಿ ಪದವೇ ಇದೆ.

ನಮ್ಮ ಸಂವಿಧಾನದ ಅನುಚ್ಛೇದ 20(2) ಕೂಡ ಇದೇ ರಕ್ಷಣೆ ಕೊಡುತ್ತದೆ, ಆದರೆ ಜೆಪರ್ಡಿ ಪದ ಅಲ್ಲಿ ಇಲ್ಲ. ಒಂದೇ ಅಪರಾಧಕ್ಕೆ ಒಂದಕ್ಕಿಂತ ಹೆಚ್ಚು ಸಲ ವಿಚಾರಣೆಗೆ ಗುರಿಪಡಿಸಿ ಶಿಕ್ಷಿಸಬಾರದು ಅಂತ ಇದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಅನುಚ್ಛೇದದ ಸಂಖ್ಯೆಯ ಜೊತೆ ಇದನ್ನೂ ಗುರುತು ಹಾಕಿಕೊಳ್ಳಿ. ಸರ್ಕಾರಿ ನೌಕರರು ಇಲ್ಲಿ ಎಡವುತ್ತಾರೆ. ಇಲಾಖಾ ವಿಚಾರಣೆಯೂ ಆಯಿತು, ಅದೇ ವಿಷಯಕ್ಕೆ ಕೋರ್ಟಿನಲ್ಲಿ ಕ್ರಿಮಿನಲ್ ಕೇಸೂ ಆಯಿತು, ಇದು ಡಬಲ್ ಜೆಪರ್ಡಿ ಅಲ್ವಾ ಅಂತ ಕೇಳುತ್ತಾರೆ. ಅಲ್ಲ. ಇಲಾಖೆಯ ವಿಚಾರಣೆಯನ್ನು ಈ ಅನುಚ್ಛೇದದ ಲೆಕ್ಕದಲ್ಲಿ ಕ್ರಿಮಿನಲ್ ವಿಚಾರಣೆ ಅಂತ ಎಣಿಸುವುದಿಲ್ಲ. ಎರಡೂ ನಡೆಯಬಹುದು.

ಹಂತ 7: ಎಲ್ಲಿ ಬಳಸಬಾರದು ಅಂತಲೂ ತಿಳಿದಿರಲಿ

ಇದು ತೂಕದ ಪದ. ರಜೆ ಅರ್ಜಿಯಲ್ಲಿ ‘ಮೈ ಆಬ್ಸೆನ್ಸ್ ವಿಲ್ ನಾಟ್ ಜೆಪರ್ಡೈಸ್ ದಿ ಆಫೀಸ್ ವರ್ಕ್’ ಅಂತ ಬರೆದರೆ ಎರಡು ದಿನದ ರಜೆಗೆ ಇಷ್ಟೆಲ್ಲ ಯಾಕೆ ಅನಿಸುತ್ತದೆ. ‘ಅಫೆಕ್ಟ್’ ಸಾಕು. ಬಸ್ ತಪ್ಪಿತು, ಕರೆಂಟ್ ಹೋಯಿತು, ಟ್ಯೂಷನ್ ಒಂದು ದಿನ ತಪ್ಪಿತು, ಇದಕ್ಕೆಲ್ಲ ಬೇಡ.

ಇನ್ನೊಬ್ಬರಿಗೆ ನೇರವಾಗಿ ಹೇಳುವಾಗಲೂ ಹುಷಾರು. ‘ಯು ಆರ್ ಜೆಪರ್ಡೈಸಿಂಗ್ ದ ಪ್ರಾಜೆಕ್ಟ್’ ಅಂತ ಸಹೋದ್ಯೋಗಿಗೆ ಮೇಲ್ ಹಾಕಿದರೆ ಅದು ಆರೋಪ. ಅದನ್ನೇ ‘ದ ಡಿಲೇ ಮೇ ಜೆಪರ್ಡೈಸ್ ದ ಪ್ರಾಜೆಕ್ಟ್’ ಅಂತ ಬರೆದರೆ ಬೆರಳು ಮನುಷ್ಯನ ಮೇಲಿಂದ ಕೆಲಸದ ಮೇಲೆ ಬರುತ್ತದೆ, ವಿಷಯವೂ ಮುಟ್ಟುತ್ತದೆ. ಮೇಲಧಿಕಾರಿಗಳು ಈ ಪದವನ್ನು ನಿಮಗೆ ಬರೆದಿದ್ದರೆ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ, ಅದು ಎಚ್ಚರಿಕೆಯೇ.

ಹಂತ 8: ಅಭ್ಯಾಸ

ಕೆಳಗಿನವನ್ನು ಇಂಗ್ಲಿಷಿಗೆ ತನ್ನಿ. ಉತ್ತರ ನೋಡುವ ಮೊದಲು ಯಾವ ಪದ ಅಂತ ಮಾತ್ರ ನಿರ್ಧರಿಸಿದರೂ ಸಾಕು.

ಕ. ಕುಡಿದು ಲಾರಿ ಓಡಿಸಿ ಅವನು ಜನರ ಜೀವಕ್ಕೆ ಅಪಾಯ ತಂದ.
ಖ. ಅಕಾಲದ ಮಳೆಗೆ ಕಣದಲ್ಲಿದ್ದ ಮೆಕ್ಕೆಜೋಳ ಪೂರ್ತಿ ಹಾಳಾಯಿತು.
ಗ. ಒಂದು ಸುಳ್ಳು ದಾಖಲೆಯಿಂದ ಅವಳ ಸರ್ಕಾರಿ ಕೆಲಸಕ್ಕೆ ಕುತ್ತು ಬಂದಿದೆ.
ಘ. ಮಗುವನ್ನು ಉಳಿಸಲು ಆಕೆ ಪ್ರಾಣ ಪಣಕ್ಕಿಟ್ಟಳು.
ಙ. ಗೋಡೆಯ ಸಂದಿಯಲ್ಲಿ ಬೆಳೆಯುವ ಗಿಡಗಳಿಂದ ಕೋಟೆಗೆ ಅಪಾಯ.

ಮೊದಲನೆಯದು ಎನ್‌ಡೇಂಜರ್: ‘ಹಿ ಎನ್‌ಡೇಂಜರ್ಡ್ ಲೈವ್ಸ್ ಬೈ ಡ್ರೈವಿಂಗ್ ದ ಲಾರಿ ಡ್ರಂಕ್’. ‘ಖ’ದಲ್ಲಿ ಈ ಕುಟುಂಬದ ಯಾವ ಪದವೂ ಬರುವುದಿಲ್ಲ, ಹಾಳಾಗಿಯೇ ಹೋಗಿದೆ, ‘ರೂಯಿನ್ಡ್’ ಹಾಕಿ. ‘ಗ’ಕ್ಕೆ ‘ಎ ಫೇಕ್ ಡಾಕ್ಯುಮೆಂಟ್ ಹ್ಯಾಸ್ ಜೆಪರ್ಡೈಸ್ಡ್ ಹರ್ ಗವರ್ನ್‌ಮೆಂಟ್ ಜಾಬ್’, ಇಲ್ಲವೇ ‘ಹ್ಯಾಸ್ ಪುಟ್ ಹರ್ ಜಾಬ್ ಇನ್ ಜೆಪರ್ಡಿ’. ‘ಘ’ಕ್ಕೆ ರಿಸ್ಕ್.

ಕೊನೆಯದರಲ್ಲಿ ಸ್ವಲ್ಪ ಯೋಚನೆ ಬೇಕು. ಚಿತ್ರದುರ್ಗದ ಕೋಟೆ ಕಣ್ಣಿಗೆ ಕಾಣುವ ವಸ್ತು, ಅವಕಾಶವೋ ಯೋಜನೆಯೋ ಅಲ್ಲ. ಹಾಗಾಗಿ ‘ಜೆಪರ್ಡೈಸ್ ದ ಫೋರ್ಟ್’ ಅಷ್ಟಾಗಿ ಹೊಂದುವುದಿಲ್ಲ. ‘ಪ್ಲಾಂಟ್ಸ್ ಗ್ರೋಯಿಂಗ್ ಇನ್ ದ ವಾಲ್ಸ್ ಥ್ರೆಟನ್ ದ ಫೋರ್ಟ್’ ಒಳ್ಳೆಯ ವಾಕ್ಯ. ಜೆಪರ್ಡೈಸ್ ಹಾಕಲೇಬೇಕೆಂದಿದ್ದರೆ ಕೋಟೆಯ ಬದಲು ಅದರ ಗಟ್ಟಿತನವನ್ನು ತನ್ನಿ: ‘ಕುಡ್ ಜೆಪರ್ಡೈಸ್ ದ ಸ್ಟೆಬಿಲಿಟಿ ಆಫ್ ದ ಫೋರ್ಟ್ ವಾಲ್ಸ್’. ಎರಡರಲ್ಲಿ ಯಾವುದು ಬರೆದಿದ್ದರೂ ಪೂರ್ತಿ ಅಂಕ.